ಕೊನೆಯ ದಿನದ ಲೆಕ್ಕ, ಕೊನೆಯ ದಿನದ ನಿರೀಕ್ಷೆ



ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರದಲ್ಲಿ ಎರಡು ಸಂಗತಿಗಳು ಜೊತೆಜೊತೆಗೆ ನಡೆಯುತ್ತವೆ. ಮೃತರ ಸ್ಮರಣೆಯ ದಿನಕ್ಕೆಂದು ಸಮಾಧಿಗಳ ಸುತ್ತಲಿನ ಹುಲ್ಲು ಕಿತ್ತು ಚೊಕ್ಕಟ ಮಾಡುತ್ತೇವೆ. ಪೂಜಾವರ್ಷ ಮುಗಿಯುತ್ತಾ ಬರುವುದರಿಂದ ಭಾನುವಾರದ ವಾಚನಗಳಲ್ಲಿ ಲೋಕಾಂತ್ಯದ ಮಾತು ಕೇಳುತ್ತೇವೆ. ಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ಯಾರಾದರೊಬ್ಬರು ನಮ್ಮನ್ನು ನಿಲ್ಲಿಸಿ, "ಸ್ವಾಮಿ, ಇದೆಲ್ಲ ನಮ್ಮ ಕಾಲದಲ್ಲೇ ಆಗುತ್ತಾ?" ಎಂದು ಕೇಳಿಯೇ ಕೇಳುತ್ತಾರೆ.

ಇದು ಬರೀ ಕುತೂಹಲದ ಪ್ರಶ್ನೆಯಾಗಿದ್ದರೆ ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ನಮ್ಮ ಮನೆಗಳಲ್ಲಿ ಈಗ ಇದು ಊಟದ ಹೊತ್ತಿನ ಮಾತಾಗಿದೆ. ಒಂದೇ ಮನೆಯಲ್ಲಿ ಅಜ್ಜಿ ಕನ್ನಡ ಬೈಬಲ್ ಓದುತ್ತಾರೆ, ಶಾಲೆಯಲ್ಲಿ ತಮಿಳು ಕಲಿತ ಮೊಮ್ಮಗ ತಮಿಳು ಬೈಬಲ್ ಓದುತ್ತಾನೆ, ಸೊಸೆ ತೆಲುಗಿನಲ್ಲಿ ಪ್ರಾರ್ಥನೆ ಮಾಡುತ್ತಾಳೆ. ಎಚ್ಚರಿಕೆಯ ಕರಪತ್ರಗಳೂ ವಿಡಿಯೋಗಳೂ ಮೂರು ಭಾಷೆಯಲ್ಲೂ ಬರುತ್ತವೆ. ಅಂತ್ಯ ಹತ್ತಿರವಾಯಿತು, ಮೃಗದ ಗುರುತು ಬಂದೇ ಬಿಟ್ಟಿತು, ಸಭೆ ಎತ್ತಲ್ಪಡುವ ದಿನ ಸಮೀಪಿಸಿತು ಎಂದು ಅವು ಹೇಳುತ್ತವೆ. ಒಂದು ಕಾಲಕ್ಕೆ ಅಂಗಡಿ ಸಾಮಾನಿನ ಮೇಲಿನ ಬಾರ್‌ಕೋಡೇ ಆ ಗುರುತು ಎಂದರು. ಆಮೇಲೆ ಆಧಾರ್ ಎಂದರು. 2021ರಲ್ಲಿ ಕೋವಿಡ್ ಲಸಿಕೆ ಎಂದರು. ಆ ವರ್ಷ ನಮ್ಮಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಹಿರಿಯ ತಾಯಿಯನ್ನು ಲಸಿಕೆಗೆ ಒಪ್ಪಿಸಲು ನಮ್ಮ ಉಪದೇಶಿಯವರು ನಾಲ್ಕು ದಿನ ಅವರ ಜಗಲಿಯ ಮೇಲೆ ಕುಳಿತುಕೊಳ್ಳಬೇಕಾಯಿತು.

ಇನ್ನೊಬ್ಬ ತಾಯಿ ನಮ್ಮ ಬಳಿಗೆ ಬಂದದ್ದು ಮಗನ ವಿಷಯಕ್ಕೆ. ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದ ಹುಡುಗ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದ್ದ. ಇನ್ನೆಷ್ಟು ದಿನ ಇದೆ ಅಂತ ಓದುವುದು ಎಂಬುದು ಅವನ ವಾದ. ಆ ತಾಯಿ ಹೇಳಿದ್ದು ಹೀಗೆ: "ಸ್ವಾಮಿ, ಸಾಲ ಮಾಡಿ ಫೀಸು ಕಟ್ಟಿದ್ದೀನಿ. ಲೋಕ ಮುಗಿಯೋದಾದ್ರೆ ಮುಗೀಲಿ, ಪರೀಕ್ಷೆ ಬರೆದ ಮೇಲೆ ಮುಗೀಲಿ ಅಂತ ಅವನಿಗೆ ಹೇಳಿ." ನಮಗೆ ನಗು ಬಂತು. ಆದರೆ ಆಕೆ ನಗುತ್ತಿರಲಿಲ್ಲ.

ಆದ್ದರಿಂದ ಈ ಸಲ ಇದೇ ವಿಷಯವನ್ನು ನಿಮ್ಮ ಮುಂದೆ ಇಡೋಣ ಎಂದುಕೊಂಡೆವು. ಯಾರನ್ನೂ ಹೀಯಾಳಿಸುವುದಕ್ಕಲ್ಲ. ಒಂದೇ ಬೈಬಲನ್ನು ಕೈಯಲ್ಲಿ ಹಿಡಿದವರು ಇಷ್ಟು ಬೇರೆಬೇರೆ ಮಾತು ಹೇಳುವುದು ಹೇಗೆ, ಅದರ ನಡುವೆ ನಮ್ಮ ಮನೆಗಳು ನೆಮ್ಮದಿಯಿಂದ ಬಾಳುವುದು ಹೇಗೆ ಎಂದು ತಿಳಿಯುವುದಕ್ಕೆ.

ಒಂದು ಗ್ರಂಥ, ನಾಲ್ಕು ಓದು

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನಾ ಗ್ರಂಥವನ್ನು ಕ್ರೈಸ್ತರು ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಓದುತ್ತಾ ಬಂದಿದ್ದಾರೆ. ಅದರಲ್ಲಿ ಬರೆದಿರುವುದು ಬಹುಮಟ್ಟಿಗೆ ಬರೆದವರ ಕಾಲದಲ್ಲೇ ನಡೆದು ಹೋಯಿತು ಎನ್ನುವುದು ಒಂದು ಓದು. ಆ ಕಾಲದಿಂದ ಲೋಕಾಂತ್ಯದವರೆಗಿನ ಇಡೀ ಇತಿಹಾಸವನ್ನೇ ಅದು ಸಾಲಾಗಿ ಹೇಳುತ್ತದೆ ಎನ್ನುವುದು ಎರಡನೆಯದು. ಬಹುಪಾಲು ಇನ್ನೂ ನಡೆಯಬೇಕು, ಕೊನೆಯ ಕೆಲವೇ ವರ್ಷಗಳಲ್ಲಿ ನಡೆಯುತ್ತದೆ ಎನ್ನುವುದು ಮೂರನೆಯದು. ಒಳಿತಿಗೂ ಕೇಡಿಗೂ ಎಲ್ಲ ಕಾಲದಲ್ಲೂ ನಡೆಯುವ ಹೋರಾಟವನ್ನೂ ಕೊನೆಗೆ ದೇವರಿಗೇ ಜಯ ಎಂಬುದನ್ನೂ ಅದು ಚಿತ್ರಗಳಲ್ಲಿ ಹೇಳುತ್ತದೆ ಎನ್ನುವುದು ನಾಲ್ಕನೆಯದು.

ಮೃಗದ ಸಂಖ್ಯೆ 666ನ್ನೇ ತೆಗೆದುಕೊಳ್ಳಿ. ಹೀಬ್ರೂ ಭಾಷೆಯಲ್ಲಿ ಅಕ್ಷರಗಳನ್ನೇ ಅಂಕಿಗಳಾಗಿಯೂ ಬಳಸುತ್ತಿದ್ದರು. ನೀರೋ ಚಕ್ರವರ್ತಿಯ ಹೆಸರನ್ನು ಆ ಅಕ್ಷರಗಳಲ್ಲಿ ಬರೆದರೆ 50, 200, 6, 50, 100, 60, 200 ಎಂದಾಗುತ್ತದೆ. ಕೂಡಿಸಿ ನೋಡಿ, 666. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಈ ಸಂಖ್ಯೆ 616 ಎಂದಿದೆ. ನೀರೋ ಹೆಸರನ್ನು ಲ್ಯಾಟಿನ್ ರೀತಿಯಲ್ಲಿ ಉಚ್ಚರಿಸಿದರೆ ಮೊದಲ ಪದದ ಕೊನೆಯ ಅಕ್ಷರ ಬಿದ್ದು 50 ಕಡಿಮೆಯಾಗುತ್ತದೆ, ಅಷ್ಟೇ. ಕ್ರೈಸ್ತರನ್ನು ರೋಮ್ ನಗರದಲ್ಲಿ ಕ್ರೂರವಾಗಿ ಹಿಂಸಿಸಿದ ಆ ಚಕ್ರವರ್ತಿ ಕ್ರಿ.ಶ. 68ರಲ್ಲಿ ಸತ್ತ. ಮೊದಲ ಬಗೆಯ ಓದಿಗೆ ಇದು ದೊಡ್ಡ ಆಧಾರ. ಇಂದು ಕಥೋಲಿಕರಲ್ಲೂ ಪ್ರೊಟೆಸ್ಟಂಟರಲ್ಲೂ ಅನೇಕ ಪಂಡಿತರು ಈ ಲೆಕ್ಕವನ್ನು ಒಪ್ಪುತ್ತಾರೆ.

ಹದಿನಾರನೆಯ ಶತಮಾನದಲ್ಲಿ ಲೂಥರ್ ಮತ್ತು ಅವರ ಹಿಂದೆ ಬಂದ ಸುಧಾರಕರು ಎರಡನೆಯ ಬಗೆಯಲ್ಲಿ ಓದಿದರು. ರೋಮಿನ ಪೋಪರ ಪೀಠವೇ ಕ್ರಿಸ್ತವಿರೋಧಿ ಎಂದರು. ಅದಕ್ಕೆ ನಮ್ಮವರ ಉತ್ತರ ಏನಿತ್ತು ಗೊತ್ತೆ? ಸ್ಪೇನ್ ದೇಶದ ಇಬ್ಬರು ಯೇಸುಸಭೆಯ ಗುರುಗಳು ಒಂದಕ್ಕೊಂದು ವಿರುದ್ಧವಾದ ಉತ್ತರ ಕೊಟ್ಟರು. 1591ರಲ್ಲಿ ತೀರಿಕೊಂಡ ಫ್ರಾನ್ಸಿಸ್ಕೊ ರಿಬೇರಾ, ಕ್ರಿಸ್ತವಿರೋಧಿ ಬರುವುದು ಲೋಕದ ಕೊನೆಗೆ, ಇನ್ನೂ ಬಂದಿಲ್ಲ ಎಂದರು. 1613ರಲ್ಲಿ ತೀರಿಕೊಂಡ ಲೂಯಿಸ್ ದೆ ಅಲ್ಕಾಸರ್, ಇದರಲ್ಲಿ ಬಹುಪಾಲು ಆದಿ ಧರ್ಮಸಭೆಯ ಕಾಲದಲ್ಲೇ ನಡೆದು ಹೋಯಿತು ಎಂದರು. ಒಂದೇ ಸಂಸ್ಥೆ, ಒಂದೇ ದೇಶ, ಒಂದೇ ವಿಶ್ವಾಸ, ಎರಡು ಓದು. ಇಬ್ಬರೂ ಧರ್ಮಸಭೆಯೊಳಗೇ ಇದ್ದರು. ಹಾಗಾದರೆ ನಮ್ಮ ನಿಮ್ಮ ಮನೆಯಲ್ಲಿ ಎರಡು ಮಾತು ಕೇಳಿಬಂದ ಮಾತ್ರಕ್ಕೆ ಗಾಬರಿಯಾಗಬೇಕಾಗಿಲ್ಲ.

ಸಾವಿರ ವರ್ಷದ ಆಳ್ವಿಕೆ

ಪ್ರಕಟನಾ ಗ್ರಂಥದ 20ನೆಯ ಅಧ್ಯಾಯದಲ್ಲಿ ಕ್ರಿಸ್ತರೊಂದಿಗೆ ಸಂತರು ಸಾವಿರ ವರ್ಷ ಆಳುವ ಮಾತು ಬರುತ್ತದೆ. ಕ್ರೈಸ್ತರ ನಡುವೆ ಹೆಚ್ಚು ವಾದಕ್ಕೆ ಕಾರಣವಾದ ಅಧ್ಯಾಯಗಳಲ್ಲಿ ಇದೂ ಒಂದು. ಯೇಸು ಮೊದಲು ಬಂದು ಆಮೇಲೆ ಈ ಭೂಮಿಯ ಮೇಲೆ ಸಾವಿರ ವರ್ಷ ಆಳುತ್ತಾರೆ ಎಂದು ಕೆಲವರು ನಂಬುತ್ತಾರೆ. ಶುಭಸಂದೇಶ ಲೋಕವನ್ನೆಲ್ಲ ಮುಟ್ಟಿ ಒಂದು ದೀರ್ಘವಾದ ಶಾಂತಿಯ ಕಾಲ ಬಂದ ಮೇಲೆ ಯೇಸು ಬರುತ್ತಾರೆ ಎಂದು ಇನ್ನು ಕೆಲವರು. ಸಾವಿರ ವರ್ಷ ಎಂಬುದು ಪುನರುತ್ಥಾನದಿಂದ ಪುನರಾಗಮನದವರೆಗಿನ ಧರ್ಮಸಭೆಯ ಕಾಲದ ಸಂಕೇತ ಎಂದು ಮತ್ತೆ ಕೆಲವರು.

ಮೊದಲನೆಯ ಅಭಿಪ್ರಾಯ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಎರಡನೆಯ ಶತಮಾನದ ಸಂತ ಜಸ್ಟಿನರೂ ಸಂತ ಇರೇನಿಯಸರೂ ಹಾಗೇ ನಂಬಿದ್ದರು. ಇಬ್ಬರನ್ನೂ ನಾವು ಪೂಜಾ ಪಂಚಾಂಗದಲ್ಲಿ ಇಂದಿಗೂ ಸ್ಮರಿಸುತ್ತೇವೆ. ಸಂತ ಅಗಸ್ತೀನರು ಕೂಡ ಮೊದಲು ಆ ಅಭಿಪ್ರಾಯದವರಾಗಿದ್ದು ಆಮೇಲೆ ಬಿಟ್ಟವರು. ಅವರು ಅದನ್ನು ಬರೆದ ಸಂದರ್ಭ ತಿಳಿಯಬೇಕು. ಕ್ರಿ.ಶ. 410ರಲ್ಲಿ ಗಾಥ್ ಜನರು ರೋಮ್ ನಗರವನ್ನು ಲೂಟಿ ಮಾಡಿದರು. ಎಂಟು ನೂರು ವರ್ಷ ಯಾವ ಶತ್ರುವಿಗೂ ಬಗ್ಗದ ನಗರ ಅದು. ಲೋಕವೇ ಮುಗಿಯಿತು ಎಂದು ಜನ ಎದೆಗೆಟ್ಟರು. ಆಗ ಉತ್ತರ ಆಫ್ರಿಕದ ಹಿಪ್ಪೊ ಊರಿನ ಧರ್ಮಾಧ್ಯಕ್ಷರಾಗಿದ್ದ ಅಗಸ್ತೀನರು 'ದೇವರ ನಗರ' ಎಂಬ ದೊಡ್ಡ ಗ್ರಂಥವನ್ನು ಬರೆಯತೊಡಗಿದರು. ಮನುಷ್ಯರು ಕಟ್ಟಿದ ನಗರ ಬೀಳಬಹುದು, ದೇವರ ನಗರ ಬೀಳುವುದಿಲ್ಲ ಎಂಬುದು ಅದರ ಸಾರ. ಅದರ 20ನೆಯ ಭಾಗದಲ್ಲಿ ಸಾವಿರ ವರ್ಷ ಎಂದರೆ ಧರ್ಮಸಭೆಯ ಈ ಕಾಲವೇ ಎಂದು ವಿವರಿಸಿದರು. ಪಶ್ಚಿಮದ ಧರ್ಮಸಭೆಯಲ್ಲಿ ಮುಂದೆ ನೆಲೆನಿಂತದ್ದು ಆ ಓದು.

ಲೆಕ್ಕ ಹಾಕಿದವರ ಕತೆ

ಅಭಿಪ್ರಾಯಗಳು ಹಲವಿರಲಿ, ತಪ್ಪಿಲ್ಲ. ತೊಂದರೆ ಶುರುವಾಗುವುದು ತಾರೀಖು ಹೇಳಿದಾಗ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತರಿದ್ದರು. ಬ್ಯಾಪ್ಟಿಸ್ಟ್ ಸಭೆಯವರು, ಪ್ರಾಮಾಣಿಕರು, ಬೈಬಲನ್ನು ಶ್ರದ್ಧೆಯಿಂದ ಓದಿದವರು. ದಾನಿಯೇಲನ ಗ್ರಂಥದ 8ನೆಯ ಅಧ್ಯಾಯದಲ್ಲಿ ಬರುವ 2300 ದಿನಗಳನ್ನು ಅವರು 2300 ವರ್ಷಗಳೆಂದು ಹಿಡಿದರು. ಕ್ರಿ.ಪೂ. 457ರಿಂದ ಎಣಿಸಿದರು. 1843ರ ಸುಮಾರಿಗೆ ಯೇಸು ಬರುತ್ತಾರೆ ಎಂಬ ಉತ್ತರ ಬಂತು. ಆ ಗಡುವು ದಾಟಿತು. ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ಬರುವಾಗ ಸೊನ್ನೆ ವರ್ಷ ಇಲ್ಲವಾದ್ದರಿಂದ ಒಂದು ವರ್ಷ ಕೂಡಿಸಬೇಕು ಎಂದರು. ಕೊನೆಗೆ ಅವರ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ದಿನ ಗೊತ್ತುಮಾಡಿದರು. ಸಾವಿರಾರು ಜನ ಕಾದರು. ಬೆಳೆದ ಬೆಳೆಯನ್ನು ಹೊಲದಲ್ಲೇ ಬಿಟ್ಟವರಿದ್ದರು. ರಾತ್ರಿ ಕಳೆಯಿತು, ಬೆಳಗಾಯಿತು, ಹೊಲದಲ್ಲಿ ಬೆಳೆ ಹಾಗೇ ನಿಂತಿತ್ತು. ಆ ದಿನವನ್ನು ಇತಿಹಾಸದಲ್ಲಿ ಮಹಾ ನಿರಾಶೆ ಎಂದು ಕರೆಯುತ್ತಾರೆ. ದಾನಿಯೇಲನ ಆ ಮಾತಿಗೆ ನಮ್ಮ ಬೈಬಲ್ ಪಂಡಿತರು ಕೊಡುವ ಅರ್ಥ ಬೇರೆ. ಕ್ರಿ.ಪೂ. 167ರಲ್ಲಿ ಆಂಟಿಯೋಕಸ್ ರಾಜ ಜೆರುಸಲೇಮಿನ ದೇವಾಲಯವನ್ನು ಹೊಲೆಗೆಡಿಸಿದಾಗ ಸಂಕಟಪಟ್ಟ ಯೆಹೂದ್ಯರಿಗೆ, ಈ ಸಂಕಟಕ್ಕೂ ಒಂದು ಮಿತಿ ಇದೆ ಎಂದು ಧೈರ್ಯ ಹೇಳಿದ ಮಾತು ಅದು.

ನಮ್ಮ ಕಾಲದಲ್ಲಿ ಕ್ಯಾಲಿಫೋರ್ನಿಯದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು. ಹಲವು ದೇಶಗಳ ರಸ್ತೆ ಬದಿಯಲ್ಲಿ ಅದರ ಫಲಕಗಳು ನಿಂತವು. ಆ ದಿನ ಕಳೆದಾಗ ಅಕ್ಟೋಬರ್ 21 ಎಂದರು. ಅದೂ ಕಳೆಯಿತು. ಮರುವರ್ಷ ಅವರು ತಮ್ಮ ಲೆಕ್ಕ ತಪ್ಪಿತೆಂದು ಬಹಿರಂಗವಾಗಿ ಹೇಳಿ 2013ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದಿ, ನೋಡಿದಿರಾ ಅವರ ಗತಿ ಎಂದು ನಾವು ಬೀಗಬೇಕಾಗಿಲ್ಲ. ನಮ್ಮ ಮನೆಯ ಕತೆಯೂ ಇದೆ. 1202ರಲ್ಲಿ ತೀರಿಕೊಂಡ ಇಟಲಿಯ ಮಠಾಧಿಪತಿ ಯೋವಾಕಿಂ ಫಿಯೋರೆಯವರ ಬರಹ ಓದಿದವರು, 1260ರಲ್ಲಿ ಪವಿತ್ರಾತ್ಮರ ಹೊಸ ಯುಗ ಬರುತ್ತದೆ ಎಂದು ಕಾದರು. ಆ ವರ್ಷವೂ ಎಲ್ಲ ವರ್ಷದಂತೆ ಕಳೆಯಿತು. 1595ರಲ್ಲಿ ಅಚ್ಚಾದ, ಸಂತ ಮಲಾಕಿಯವರ ಹೆಸರು ಹೊತ್ತ ಪೋಪರ ಪಟ್ಟಿಯೊಂದಿದೆ. ಅದನ್ನು ನಂಬಿದವರ ಎಣಿಕೆಯಂತೆ ಪೋಪ್ ಫ್ರಾನ್ಸಿಸರೇ ಕೊನೆಯವರು. ಅವರು 2025ರ ಏಪ್ರಿಲ್ 21ರಂದು ದೈವಾಧೀನರಾದರು. ಮೇ 8ರಂದು ಹದಿನಾಲ್ಕನೆಯ ಲಿಯೋ ಆಯ್ಕೆಯಾದರು. ಪಟ್ಟಿ ಮುಗಿಯಿತು, ಧರ್ಮಸಭೆ ಮುಗಿಯಲಿಲ್ಲ.

1999ರ ಕೊನೆಯಲ್ಲಿ ನಾವು ಗುರುಮಠದ ವಿದ್ಯಾರ್ಥಿಗಳು. ಆ ಡಿಸೆಂಬರಿನಲ್ಲಿ ರಜೆಗೆ ಮನೆಗೆ ಹೋದಾಗ ಊರಿನಲ್ಲೆಲ್ಲ ಒಂದೇ ಮಾತು. ಮೂರು ದಿನ ಕತ್ತಲು ಕವಿಯುತ್ತದಂತೆ, ಮಂತ್ರಿಸಿದ ಮೇಣದ ಬತ್ತಿ ಮಾತ್ರ ಉರಿಯುತ್ತದಂತೆ, ಫಾತಿಮಾ ಮಾತೆಯ ಮೂರನೆಯ ರಹಸ್ಯದಲ್ಲಿ ಹೀಗೆಂದು ಬರೆದಿದೆಯಂತೆ. ಬತ್ತಿ, ಬೆಂಕಿಪೊಟ್ಟಣ, ಅಕ್ಕಿ, ಸೀಮೆಎಣ್ಣೆ ಕೂಡಿಟ್ಟವರು ಕಥೋಲಿಕರೇ. 2000ದ ಜನವರಿ 1 ಬಂತು, ಎಲ್ಲರೂ ಹೊಸ ವರ್ಷದ ಪೂಜೆಗೆ ಹೋದರು. ಅದೇ ವರ್ಷ ಜೂನ್ 26ರಂದು ವ್ಯಾಟಿಕನ್ ಆ ರಹಸ್ಯದ ಪೂರ್ಣಪಾಠವನ್ನೇ ಪ್ರಕಟಿಸಿತು. ಅದರಲ್ಲಿ ಲೋಕಾಂತ್ಯದ ತಾರೀಖೂ ಇರಲಿಲ್ಲ, ಮೂರು ದಿನದ ಕತ್ತಲೂ ಇರಲಿಲ್ಲ. ಕೂಡಿಟ್ಟ ಬತ್ತಿಗಳು ನಮ್ಮ ಊರಿನಲ್ಲಿ ಎರಡು ವರ್ಷ ಕರೆಂಟು ಹೋದಾಗಲೆಲ್ಲ ಉಪಯೋಗಕ್ಕೆ ಬಂದವು.

ಇನ್ನೊಂದು ಸಂಗತಿ ಹೇಳಬೇಕು. ನಮಗೂ ಪ್ರೊಟೆಸ್ಟಂಟರಿಗೂ ನಡುವಿನ ಗೋಡೆ ನಾವು ತಿಳಿದಷ್ಟು ಎತ್ತರವಿಲ್ಲ. ಚಿಲಿ ದೇಶದ ಮನುಯೆಲ್ ಲಕುನ್ಸಾ ಎಂಬ ಯೇಸುಸಭೆಯ ಗುರುಗಳನ್ನು ಸ್ಪೇನಿನ ರಾಜ 1767ರಲ್ಲಿ ಇತರ ಗುರುಗಳೊಂದಿಗೆ ಗಡೀಪಾರು ಮಾಡಿದ. ಅವರು ಇಟಲಿಯ ಇಮೋಲಾ ಊರಿನಲ್ಲಿ ಒಂಟಿಯಾಗಿ ಬದುಕಿ 1801ರಲ್ಲಿ ತೀರಿಕೊಂಡರು. ದೇಶ ಕಳೆದುಕೊಂಡ ಆ ಮನುಷ್ಯ ಯೇಸುವಿನ ಬರುವಿಕೆಯ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆದರು. ಯೇಸು ಬಂದು ಈ ಭೂಮಿಯ ಮೇಲೆ ಆಳುತ್ತಾರೆ ಎಂಬುದು ಅದರ ವಾದ. ಅದು ಹೊರಬಂದದ್ದು ಅವರ ಸಾವಿನ ನಂತರ, ಯೆಹೂದ್ಯ ಹೆಸರಿನಲ್ಲಿ. ರೋಮ್ 1824ರಲ್ಲಿ ಅದನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಆದರೆ 1827ರಲ್ಲಿ ಎಡ್ವರ್ಡ್ ಇರ್ವಿಂಗ್ ಎಂಬ ಸ್ಕಾಟ್ಲೆಂಡಿನ ಬೋಧಕರು ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಇಂಗ್ಲೆಂಡಿನ ಪ್ರೊಟೆಸ್ಟಂಟರಲ್ಲಿ ಪುನರಾಗಮನದ ಚರ್ಚೆ ಬಿಸಿಯಾಗಿದ್ದ ಕಾಲ ಅದು. ಇಂದು ನಮ್ಮ ಕೈಗೆ ಬರುವ ಕರಪತ್ರದ ಹಿಂದೆ ಹುಡುಕುತ್ತಾ ಹೋದರೆ, ಆ ದಾರಿಯಲ್ಲಿ ಎಲ್ಲೋ ಒಬ್ಬ ಕಥೋಲಿಕ ಗುರುವಿನ ಕಣ್ಣೀರೂ ಸಿಗುತ್ತದೆ.

ಎತ್ತಿಕೊಂಡು ಹೋಗುವುದೋ, ಎದುರುಗೊಳ್ಳುವುದೋ

ನಮ್ಮ ಜನರನ್ನು ಇಂದು ಹೆಚ್ಚು ಕಾಡುತ್ತಿರುವುದು ಸಭೆ ಎತ್ತಲ್ಪಡುವ ಬೋಧನೆ. ಮಹಾಸಂಕಟದ ಏಳು ವರ್ಷ ಶುರುವಾಗುವ ಮುಂಚೆ ಯೇಸು ಗುಟ್ಟಾಗಿ ಬಂದು ತಮ್ಮವರನ್ನು ಆಕಾಶಕ್ಕೆ ಎತ್ತಿಕೊಂಡು ಹೋಗುತ್ತಾರೆ, ಉಳಿದವರು ಇಲ್ಲೇ ನರಳುತ್ತಾರೆ ಎಂಬುದು ಇದರ ತಿರುಳು. ಇದನ್ನು 1830ರ ದಶಕದಿಂದ ಹರಡಿದವರು ಜಾನ್ ನೆಲ್ಸನ್ ಡಾರ್ಬಿ. ಅವರು ಐರ್ಲೆಂಡಿನ ಆಂಗ್ಲಿಕನ್ ಸಭೆಯ ಗುರುವಾಗಿದ್ದು ಆಮೇಲೆ ಅದನ್ನು ಬಿಟ್ಟವರು. 1909ರಲ್ಲಿ ಹೊರಬಂದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳ ಮೂಲಕ ಅದು ಅಮೆರಿಕದ ಮನೆಮನೆಗೆ ಹೋಯಿತು. ಕಥೋಲಿಕರು, ಆರ್ಥೊಡಾಕ್ಸರು ಮಾತ್ರವಲ್ಲ, ಲೂಥರನ್, ಆಂಗ್ಲಿಕನ್, ಪ್ರೆಸ್ಬಿಟೇರಿಯನ್ ಸಭೆಗಳ ಅಧಿಕೃತ ಬೋಧನೆಯಲ್ಲೂ ಇದು ಇಲ್ಲ.

ಇದಕ್ಕೆ ಆಧಾರವಾಗಿ ತೋರಿಸುವುದು ಸಂತ ಪೌಲರು ಥೆಸಲೋನಿಯರಿಗೆ ಬರೆದ ಮೊದಲ ಪತ್ರದ 4ನೆಯ ಅಧ್ಯಾಯ. ತೀರಿಕೊಂಡ ನಮ್ಮವರ ಗತಿ ಏನು ಎಂದು ಆ ಊರಿನ ಕ್ರೈಸ್ತರು ದುಃಖದಲ್ಲಿದ್ದರು. ಪೌಲರು ಸಮಾಧಾನ ಹೇಳುತ್ತಾರೆ. ಪ್ರಭು ಬರುವಾಗ ಸತ್ತವರು ಮೊದಲು ಎದ್ದೇಳುತ್ತಾರೆ, ಬದುಕಿರುವವರು ಅವರ ಜೊತೆಗೂಡಿ ಪ್ರಭುವನ್ನು ಎದುರುಗೊಳ್ಳುತ್ತಾರೆ, ಆಮೇಲೆ ಅಗಲಿಕೆಯೇ ಇಲ್ಲ ಎಂಬುದು ಅವರ ಮಾತಿನ ಸಾರಾಂಶ.

ಈ 'ಎದುರುಗೊಳ್ಳುವುದು' ಎಂಬ ಪದದಲ್ಲಿ ಗುಟ್ಟಿದೆ. ಮೂಲ ಗ್ರೀಕಿನ ಆ ಪದವನ್ನು, ಒಬ್ಬ ಅರಸ ಊರಿಗೆ ಬರುವಾಗ ಜನ ಹೊರಗೆ ಹೋಗಿ ಸ್ವಾಗತಿಸಿ ಕರೆತರುವುದಕ್ಕೂ ಬಳಸುತ್ತಿದ್ದರು. ಪೌಲರು ಕೈದಿಯಾಗಿ ರೋಮಿಗೆ ಹೋಗುವಾಗ ಅಲ್ಲಿನ ಸಹೋದರರು ಊರಾಚೆಗೆ ಬಂದರಲ್ಲ, ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯದಲ್ಲಿ, ಅಲ್ಲಿಯೂ ಇದೇ ಪದ. ಅವರು ಪೌಲರನ್ನು ಕಂಡು ಎಲ್ಲಿಗೋ ಹಾರಿಹೋಗಲಿಲ್ಲ. ಪೌಲರ ಜೊತೆ ಪಯಣ ಸಾಗಿದ್ದು ರೋಮಿಗೇ.

ನಮಗೆ ಇದನ್ನು ವಿವರಿಸಲು ಗ್ರೀಕ್ ಬೇಕಾಗಿಲ್ಲ. ಮಕ್ಕಳಿಗೆ ದೃಢೀಕರಣ ಕೊಡಲು ಧರ್ಮಾಧ್ಯಕ್ಷರು ಬರುವ ದಿನ ನಾವೇನು ಮಾಡುತ್ತೇವೆ? ಊರ ಬಾಗಿಲಿನವರೆಗೆ ತಮಟೆ, ವಾದ್ಯ, ಹೂವಿನ ಹಾರದೊಂದಿಗೆ ಹೋಗುತ್ತೇವೆ. ಕಾರು ಕಂಡೊಡನೆ ಮಕ್ಕಳು ಓಡುತ್ತಾರೆ. ಅವರನ್ನು ಎದುರುಗೊಂಡು ಮೆರವಣಿಗೆಯಲ್ಲಿ ದೇವಾಲಯಕ್ಕೆ ಕರೆತರುತ್ತೇವೆ. ಧರ್ಮಾಧ್ಯಕ್ಷರು ನಮ್ಮನ್ನು ಕಾರಿನಲ್ಲಿ ತುಂಬಿಕೊಂಡು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ?

ಈ ವಾಚನದ ಜೊತೆ ನಮಗೊಂದು ಅನುಭವ ಸೇರಿಕೊಂಡಿದೆ. ಟೊಮೆಟೊ ಬೆಳೆಯುವ ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ತಮ್ಮ ಕೆಲವು ವರ್ಷಗಳ ಹಿಂದೆ ಬೇರೊಂದು ಪ್ರಾರ್ಥನಾ ಸಭೆಗೆ ಸೇರಿದ. ಪ್ರಕಟನಾ ಗ್ರಂಥದ ಬಾಬಿಲೋನ್ ಎಂದರೆ ಕಥೋಲಿಕ ಧರ್ಮಸಭೆಯೇ ಎಂದು ಅಲ್ಲಿ ಕೇಳಿದ. ಅಣ್ಣ ಸುಮ್ಮನಿರಲಿಲ್ಲ. ಮಾತು ಬೆಳೆಯಿತು, ಮಾತು ನಿಂತಿತು, ಕೊನೆಗೆ ಇಬ್ಬರಿಗೂ ಸೇರಿದ ಬೋರ್‌ವೆಲ್ಲಿನ ನೀರಿನ ಸರದಿಯೂ ನಿಂತಿತು. ಹೀಗಿರುವಾಗ ತಂದೆ ತೀರಿಕೊಂಡರು. ಸಮಾಧಿಯ ದಿನ ತಮ್ಮ ಬಂದ, ಆದರೆ ಗೇಟಿನ ಹೊರಗೇ ನಿಂತ. ನಮ್ಮ ಪೂಜೆಯಲ್ಲಿ ಪಾಲುಗೊಳ್ಳಬಾರದೆಂಬುದು ಅವನ ನಿಷ್ಠೆ. ನಾವು ಥೆಸಲೋನಿಯರ ಪತ್ರದ ಆ ಭಾಗವನ್ನೇ ಸಮಾಧಿಯ ಬಳಿ ಓದಿದೆವು. ಓದುತ್ತಾ ತಲೆಯೆತ್ತಿದಾಗ ಗೇಟಿನಾಚೆ ಅವನ ತುಟಿಗಳೂ ಅಲುಗುತ್ತಿದ್ದವು. ಅವನಿಗೆ ಅದು ಬಾಯಿಪಾಠ. ವಾಚನ ಮುಗಿದ ಮೇಲೆ ಅವನು ಒಳಗೆ ಬಂದ. ಅಣ್ಣ ಸರಿದು ಜಾಗ ಬಿಟ್ಟ. ಇಬ್ಬರೂ ತಂದೆಗೆ ಮಣ್ಣು ಹಾಕಿದರು.

ಆಮೇಲೆ ಅವನು ನಮ್ಮನ್ನು ಕೇಳಿದ್ದು ಒಂದೇ ಮಾತು: "ಸ್ವಾಮಿ, ಆ ವಾಕ್ಯ ನಿಮ್ಮಲ್ಲೂ ಓದ್ತೀರಾ?" ಸತ್ತವರ ಪೂಜೆಯಲ್ಲಿ ನಾವು ಓದುವ ವಾಚನಗಳಲ್ಲಿ ಅದೂ ಒಂದು ಎಂದೆವು. ಅವನು ಈಗಲೂ ತನ್ನ ಸಭೆಗೇ ಹೋಗುತ್ತಾನೆ. ನಾವು ಅವನನ್ನು ಒತ್ತಾಯಿಸಿಲ್ಲ. ಆದರೆ ನೀರಿನ ಸರದಿ ಮತ್ತೆ ಶುರುವಾಗಿದೆ. ಒಂದೇ ವಾಕ್ಯ ಒಂದು ಕಡೆ, ಯಾರು ಉಳಿದುಬಿಡುತ್ತಾರೋ ಎಂಬ ಭಯಕ್ಕೆ ಕಾರಣವಾಗಿತ್ತು. ಇನ್ನೊಂದು ಕಡೆ, ನಮ್ಮವರನ್ನು ಮತ್ತೆ ಕಾಣುತ್ತೇವೆ ಎಂಬ ಸಮಾಧಾನವಾಗಿತ್ತು. ಪೌಲರು ಅದನ್ನು ಬರೆದದ್ದು ಸಮಾಧಾನಕ್ಕೆಂದೇ. ಆ ಅಧ್ಯಾಯದ ಕೊನೆಯ ಸಾಲನ್ನು ಮನೆಯಲ್ಲಿ ತೆಗೆದು ಓದಿ ನೋಡಿ.

ಧರ್ಮಸಭೆ ಏನು ಹೇಳುತ್ತದೆ

ಯೇಸು ಮಹಿಮೆಯಿಂದ ಮತ್ತೆ ಬರುತ್ತಾರೆ, ಜೀವಂತರಿಗೂ ಮೃತರಿಗೂ ತೀರ್ಪು ನೀಡುತ್ತಾರೆ. ಇದನ್ನು ಪ್ರತಿ ಭಾನುವಾರ ವಿಶ್ವಾಸ ಸಂಗ್ರಹದಲ್ಲಿ ನಾವು ಒಪ್ಪಿಕೊಳ್ಳುತ್ತೇವೆ. ಆದ್ದರಿಂದ ಲೋಕಾಂತ್ಯದ ಮಾತನ್ನು ಬೇರೆ ಸಭೆಗಳಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರುವುದು ಸರಿಯಲ್ಲ. ಅದು ನಮ್ಮ ವಿಶ್ವಾಸವೂ ಹೌದು. ಆ ಬರುವಿಕೆಗೆ ಮುಂಚೆ ಧರ್ಮಸಭೆ ಒಂದು ಕೊನೆಯ ಶೋಧನೆಯನ್ನು ಹಾದುಹೋಗಬೇಕು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ದೇವರ ರಾಜ್ಯವನ್ನು ಇತಿಹಾಸದೊಳಗೇ ಪೂರ್ತಿ ಮಾಡಿ ತೋರಿಸುತ್ತೇವೆ ಎನ್ನುವ ಎಲ್ಲ ಬೋಧನೆಗಳನ್ನೂ ಅದು ತಳ್ಳಿಹಾಕುತ್ತದೆ. ಯೇಸು ಕಣ್ಣಿಗೆ ಕಾಣುವಂತೆ ಈ ಭೂಮಿಯ ಮೇಲೆ ಆಳುತ್ತಾರೆ ಎಂಬುದನ್ನು ಅಪಾಯವಿಲ್ಲದೆ ಕಲಿಸಲಾಗದು ಎಂದು ರೋಮ್ 1944ರಲ್ಲೇ ತಿಳಿಸಿತ್ತು. ಆ ದಿನ, ಆ ಗಳಿಗೆಯ ವಿಷಯದಲ್ಲಿ ಯೇಸುವಿನ ಮಾತೇ ಕೊನೆಯದು. ಅದು ತಂದೆಗೆ ಮಾತ್ರ ಗೊತ್ತು ಎಂದು ಅವರು ಹೇಳಿದ್ದಾರೆ. ದೇವದೂತರಿಗೂ ತಿಳಿಸದ ತಾರೀಖನ್ನು ದೇವರು ಒಬ್ಬ ಬೋಧಕರ ಕಿವಿಯಲ್ಲಿ ಹೇಳಿದ್ದಾರೆ ಎಂದರೆ ನಂಬಬೇಕೆ?

ಹಾಗಾದರೆ ಒಂದು ಕರಪತ್ರವೋ ವಿಡಿಯೋವೋ ಬಂದಾಗ ಏನು ಮಾಡಬೇಕು? ಮನೆಯಲ್ಲಿ ಎಲ್ಲರೂ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಇದು ತಾರೀಖು ಹೇಳುತ್ತದೆಯೇ? ಹೇಳಿದರೆ ಮುಂದೆ ಓದಬೇಕಾಗಿಲ್ಲ.

ಎರಡನೆಯದು, ಇದನ್ನು ನಂಬಿದರೆ ನಮ್ಮ ಕೆಲಸ ನಿಲ್ಲುತ್ತದೆಯೇ? ಥೆಸಲೋನಿಕದ ಕೆಲವರು ಸೋಮಾರಿಗಳಾಗಿ ತಿರುಗುತ್ತಿದ್ದರು. ಪ್ರಭುವಿನ ದಿನ ಬಂದೇಬಿಟ್ಟಿತು ಎಂಬ ಗುಲ್ಲೂ ಅಲ್ಲಿ ಎದ್ದಿತ್ತು. ದುಡಿಯಲು ಮನಸ್ಸಿಲ್ಲದವರಿಗೆ ಊಟವೂ ಬೇಡ ಎಂದು ಪೌಲರು ಕಟುವಾಗಿಯೇ ಬರೆದರು. ಪೌಲರು ಸ್ವತಃ ಗುಡಾರ ಹೊಲಿದು ಬದುಕಿದವರು. ಡಿಪ್ಲೊಮಾ ಹುಡುಗನಿಗೂ ನಾವು ಹೇಳಿದ್ದು ಇಷ್ಟೇ. ಯೇಸು ನಾಳೆಯೇ ಬರುವುದಾದರೆ ನೀನು ತರಗತಿಯಲ್ಲಿ ಕುಳಿತಿರುವುದನ್ನು ಕಂಡರೆ ಅವರಿಗೆ ಬೇಸರವಾಗುತ್ತದೆಯೇ? ಅವನು ಪರೀಕ್ಷೆ ಬರೆದ. ಒಂದು ವಿಷಯ ಉಳಿಯಿತು, ಅದನ್ನೂ ಬರೆಯುತ್ತಾನೆ.

ಮೂರನೆಯದು, ಇದು ನನ್ನನ್ನು ನೆರೆಯವನಿಂದ ದೂರ ಮಾಡುತ್ತದೆಯೇ? ಇಸ್ರಯೇಲಿನ ಸುತ್ತ ಯುದ್ಧ ನಡೆದಾಗಲೆಲ್ಲ ಪ್ರವಾದನೆ ನೆರವೇರಿತು ಎಂದು ಸಂತೋಷಪಡುವ ಮಾತು ಕೇಳಿಬರುತ್ತದೆ. 2023ರ ಅಕ್ಟೋಬರಿನಲ್ಲಿ ಶುರುವಾದ ಯುದ್ಧದಲ್ಲಿ ಗಾಜಾದ ಒಂದೇ ಒಂದು ಕಥೋಲಿಕ ಧರ್ಮಕೇಂದ್ರವಾದ ಪವಿತ್ರ ಕುಟುಂಬ ದೇವಾಲಯದಲ್ಲಿ ನೂರಾರು ಜನ ಆಶ್ರಯ ಪಡೆದರು. ಪೋಪ್ ಫ್ರಾನ್ಸಿಸರು ತಮ್ಮ ಕೊನೆಯ ದಿನಗಳವರೆಗೂ ಹೆಚ್ಚುಕಡಿಮೆ ಪ್ರತಿ ಸಂಜೆ ಅಲ್ಲಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. 2025ರ ಜುಲೈ 17ರಂದು ಆ ದೇವಾಲಯಕ್ಕೇ ಶೆಲ್ ಬಿದ್ದು ಮೂವರು ಸತ್ತರು. ಯುದ್ಧವನ್ನು ಲೆಕ್ಕದ ಅಂಕಿಯಾಗಿ ನೋಡುವುದು ಒಂದು ಓದು, ಅದರೊಳಗಿರುವ ಮಕ್ಕಳು ಊಟ ಮಾಡಿದರೇ ಎಂದು ಕೇಳುವುದು ಇನ್ನೊಂದು ಓದು. ಮತ್ತಾಯರ 25ನೆಯ ಅಧ್ಯಾಯದ ಪ್ರಕಾರ ಕೊನೆಯ ದಿನ ನಮ್ಮನ್ನು ಕೇಳುವುದು ಹಸಿದವರ, ರೋಗಿಗಳ, ಸೆರೆಯಲ್ಲಿದ್ದವರ ವಿಷಯ. 666ರ ಅರ್ಥ ಗೊತ್ತಿತ್ತೇ ಎಂದು ಅಲ್ಲಿ ಯಾರನ್ನೂ ಕೇಳುವುದಿಲ್ಲ.

ಪ್ರಕಟನಾ ಗ್ರಂಥಕ್ಕೆ ಹೆದರಿ ಅದನ್ನು ಮುಚ್ಚಿಡಬೇಡಿ. ಮೊದಲು 2 ಮತ್ತು 3ನೆಯ ಅಧ್ಯಾಯಗಳನ್ನು ಮನೆಯಲ್ಲಿ ಒಟ್ಟಿಗೆ ಓದಿ. ಇಂದಿನ ತುರ್ಕಿ ದೇಶದಲ್ಲಿದ್ದ ಏಳು ಊರಿನ ಕ್ರೈಸ್ತರಿಗೆ ಬರೆದ ಏಳು ಪತ್ರಗಳು ಅಲ್ಲಿವೆ. ಪ್ರೀತಿ ತಣ್ಣಗಾದ ಎಫೆಸ, ಬಡತನದಲ್ಲೂ ನಿಷ್ಠೆಯಿಂದಿದ್ದ ಸ್ಮುರ್ನ, ಸಿರಿವಂತಿಕೆಯಲ್ಲಿ ಬೆಚ್ಚಗೆ ಮಲಗಿದ ಲವೊದಿಕೀಯ. ಇವು ನಮ್ಮ ಧರ್ಮಕೇಂದ್ರಗಳಂಥ ಧರ್ಮಕೇಂದ್ರಗಳೇ. ಪತ್ಮೋಸ್ ದ್ವೀಪದಲ್ಲಿ ಸೆರೆಯಾಳಿನಂತೆ ಇದ್ದ ಯೊವಾನ್ನರು ಹಿಂಸೆಯಲ್ಲಿದ್ದ ಈ ಜನರಿಗೆ ಧೈರ್ಯ ತುಂಬಲು ಬರೆದರು, ನಿದ್ದೆಗೆಡಿಸಲು ಬರೆದದ್ದಲ್ಲ. ಆಮೇಲೆ ಕೊನೆಯ ಎರಡು ಅಧ್ಯಾಯಗಳನ್ನು ಓದಿ. ಅಲ್ಲಿ ಮನುಷ್ಯರು ಭೂಮಿ ಬಿಟ್ಟು ಮೇಲೆ ಹೋಗುವುದಿಲ್ಲ, ದೇವರ ನಗರವೇ ಕೆಳಗಿಳಿದು ಬರುತ್ತದೆ. ದೇವರೇ ಜನರ ಕಣ್ಣೀರು ಒರಸುತ್ತಾರೆ.

ಆದಿ ಕ್ರೈಸ್ತರು ಅರಮಾಯಿಕ್ ಭಾಷೆಯಲ್ಲಿ ಒಂದು ಪುಟ್ಟ ಪ್ರಾರ್ಥನೆ ಮಾಡುತ್ತಿದ್ದರು: ಮಾರನಾಥ. ಪ್ರಭುವೇ, ಬನ್ನಿ ಎಂದು ಅದರ ಅರ್ಥ. ಭಯಪಟ್ಟವರು ಯಾರನ್ನೂ ಬನ್ನಿ ಎಂದು ಕರೆಯುವುದಿಲ್ಲ. ಬರುವವರು ನಮಗೆ ಗುರುತಿಲ್ಲದವರಲ್ಲ. ನಮಗಾಗಿ ಶಿಲುಬೆಯ ಮೇಲೆ ಸತ್ತವರು, ಪ್ರತಿ ಭಾನುವಾರ ಪರಮಪ್ರಸಾದದಲ್ಲಿ ನಾವು ಸ್ವೀಕರಿಸುವವರು ಅವರೇ. ಈ ಆಗಮನ ಕಾಲದಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ಆ ಒಂದು ಪದವನ್ನು ಮಕ್ಕಳಿಗೆ ಕಲಿಸಿಕೊಡಿ. ಬೇರೆ ಸಭೆಗೆ ಹೋಗುವ ಅಣ್ಣನೋ ತಂಗಿಯೋ ಆ ಹೊತ್ತಿಗೆ ಮನೆಗೆ ಬಂದಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಈ ಪ್ರಾರ್ಥನೆ ಅವರದೂ ಹೌದು.

ಬರಲಿರುವ ಪ್ರಭು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.